ಹೋಲ್ಡಾನ್ ಅಂದರೆ ನಿಲ್ಲದ ರಾಕ್ಷಸ

ಕತ್ತಿ ಕಟ್ಟಿಕೊಂಡು, ಕುದುರೆ ಹತ್ತಿ, ರಾಕ್ಷಸರ ರಾಜ್ಯವನ್ನೆಲ್ಲಾ ಸುತ್ತಿ, ಒಬ್ಬನಿಗೂ ಒಂದೇ ಒಂದು ಏಟು ಹಾಕದೆ ಬಂದ ವೀರ ಈ ಲೋಕದಲ್ಲಿ ಯಾರಾದರೂ ಇದ್ದರೆ ಅವನು ನನ್ನ ಸೋದರಮಾವ. ಅಹಿಂಸಾವಾದಿಯೇ? ಖಂಡಿತ ಅಲ್ಲ! ಉಪ್ಪಿಟ್ಟಿಗೆ ಸಾಸಿವೆ ಹೆಚ್ಚಾದರೆ ತಟ್ಟೆ ತಳ್ಳುವ ಮನುಷ್ಯ. ಟೀವಿಯಲ್ಲಿ ಸುದ್ದಿ ಓದುವವನ ಜೊತೆ ಜಗಳಕ್ಕೆ ನಿಲ್ಲುವ ಮನುಷ್ಯ. ಆದರೆ ವೀಡಿಯೋ ಗೇಮಿನ ರಾಕ್ಷಸ ಬಂದು ಮುಖಕ್ಕೆ ಗುದ್ದಿದರೂ ಇವನ ಕತ್ತಿ ಒರೆ ಬಿಟ್ಟು ಆಚೆ ಬರುವುದಿಲ್ಲ. ಆಗ ನನಗೆ ಬರುವ ಕೋಪ ಎಂಥದ್ದು ಅಂತೀರಿ!

ಕೋಪಕ್ಕೆ ಕಾರಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನನ್ನೇ ಹುಚ್ಚಿ ಅಂದುಕೊಳ್ಳುತ್ತೀರಿ. ಮಾವ ಕೋಲಾರ–ಶ್ರೀನಿವಾಸಪುರ ರೂಟಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ರಿಟೈರಾಗಿ ಶ್ರೀನಿವಾಸಪುರದ ಮನೆಯಲ್ಲಿ ಆರಾಮವಾಗಿದ್ದ. ಈ ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಕಾಲು ಸರಿಹೋಯಿತು. ಮಾತು ಬಂತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಬಂತು! ಬಲಗೈ ಮಾತ್ರ ತೊಡೆಯ ಮೇಲೆ ಬೇರೆಯವರದೇನೋ ಎಂಬಂತೆ ಬಿದ್ದುಕೊಂಡಿತು. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ಸ್ಪಷ್ಟವಾಗಿ ಹೇಳಿದ್ದಳು: "ಬೆರಳು ಈಗ ಆಡಿಸಿದ್ರೆ ಉಂಟು ಅಂಕಲ್. ಸುಮ್ನೆ ಬಿಟ್ರೆ ಹೀಗೇ ಉಳಿದುಬಿಡುತ್ತೆ." ಹಿಸುಕಿ ಹಿಸುಕಿ ಅಭ್ಯಾಸ ಮಾಡಲಿ ಎಂದು ಒಂದು ರಬ್ಬರ್ ಚೆಂಡನ್ನೂ ಕೊಟ್ಟು ಹೋದಳು. ಮಾವ ಅದನ್ನು ಬೀದಿ ನಾಯಿಗೆ ಎಸೆದ. ಎಡಗೈಯಲ್ಲಿ!

ಬಲಗೈ ಕಂಡರೇ ಅವನಿಗೆ ಆಗುತ್ತಿರಲಿಲ್ಲ. ಬುಟ್ಟಿಯಡಿ ಕೋಳಿ ಮುಚ್ಚಿಟ್ಟ ಹಾಗೆ ಸದಾ ಒಂದು ಟವಲಿನಡಿ ಮುಚ್ಚಿಡುತ್ತಿದ್ದ. ಹೀಗಾಗಿಯೇ ನಾನು ಕೋಲಾರದಿಂದ ನನ್ನ ಗೇಮ್ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ವಾರವೆಲ್ಲಾ ಪಾಠ ಹೇಳಿ ದಣಿದ ತಲೆಗೆ ನೆಮ್ಮದಿ ಕೊಡುತ್ತಿದ್ದ ಏಕೈಕ ವಸ್ತು ಅದು. ತ್ಯಾಗ ಎಂದರೆ ಇದಲ್ಲವೇ? ಜಾಯ್‌ಸ್ಟಿಕ್ಕಿನಲ್ಲಿ ಎಡ ಹೆಬ್ಬೆರಳಿಗೆ ತಿರುಗಾಟ, ಬಲ ಹೆಬ್ಬೆರಳಿಗೆ ಹೊಡೆದಾಟ. ರಾಕ್ಷಸರು ಮೈಮೇಲೆ ಬಿದ್ದರೆ ಬಲ ಹೆಬ್ಬೆರಳು ಎದ್ದೇ ಏಳುತ್ತದೆ ಎಂಬುದು ನನ್ನ ಲೆಕ್ಕಾಚಾರ. ಮಾವನ ಲೆಕ್ಕಾಚಾರವೇ ಬೇರೆ!

ಆಟ ಶುರುವಾಗುವುದು ಹೀಗೆ: ವೀರ ಒಂದು ಗುಹೆಯಲ್ಲಿ ಎಚ್ಚರಗೊಂಡು ಹೊರಗೆ ಬರುತ್ತಾನೆ. ಎದುರಿಗೆ ಬೆಟ್ಟ, ಕಾಡು, ನದಿ, ದೂರದ ಕೋಟೆ. ಎಲ್ಲಿಗೆ ಬೇಕಾದರೂ ಹೋಗಬಹುದು. ನಾನು ಮೊದಲ ಸಲ ಈ ನೋಟ ಕಂಡಾಗ ಮೈ ಜುಮ್ಮೆಂದಿತ್ತು. ಮಾವ ಟೀವಿಯನ್ನು ದಿಟ್ಟಿಸಿ ಕೇಳಿದ, "ಇದ್ಯಾವ ರೂಟು?"

"ರೂಟೇ ಇಲ್ಲ ಮಾವ. ಎಲ್ಲಿಗಾದ್ರೂ ಹೋಗು."

"ಎಲ್ಲಿಗಾದ್ರೂ ಅಂತ ಬೋರ್ಡ್ ಹಾಕ್ಕೊಂಡು ಯಾವ ಗಾಡಿ ಹೊರಡುತ್ತೆ ಕಣಮ್ಮಾ?"

ಹಾಗೆಂದು ಹುಡುಕಿ ಹುಡುಕಿ ವೀರನನ್ನು ಒಂದು ರಸ್ತೆಗೆ ತಂದ. ರಸ್ತೆ ಬಿಟ್ಟು ಒಂದಡಿ ಪಕ್ಕಕ್ಕೆ ಇಳಿಯಲಿಲ್ಲ. ಹೊಲ ಕಂಡ ಮೊದಲ ಊರಿಗೆ ತನ್ನ ಹಳೇ ರೂಟಿನ ಹೋಳೂರು ಎಂದು ಹೆಸರಿಟ್ಟ. ಬಂಡೆಗಳ ನಡುವೆ ಹಾಳು ಗುಡಿ ಕಂಡಿತು, ಅದು ಆವನಿ. "ಆವನಿ ಮುಳಬಾಗಿಲು ಕಡೆ ಮಾವ, ನಿನ್ನ ರೂಟಿನಲ್ಲಿ ಎಲ್ಲಿತ್ತು?" ಎಂದರೆ "ಸ್ಪೆಷಲ್ ಬಸ್ಸು" ಎಂದ. ಕುದುರೆ ಸಿಕ್ಕಿತು, ಹತ್ತಿಸುವ ಗುಂಡಿಯನ್ನು ನಾನೇ ಒತ್ತಿದೆ. ಕುದುರೆಗೆ ಇಟ್ಟ ಹೆಸರು ಡ್ರೈವರಣ್ಣ! ಹೊರಡುವಾಗ "ರೈಟ್, ರೈಟ್!" ನಿಲ್ಲಿಸುವಾಗ "ಹೋಲ್ಡಾನ್!" ಪ್ರತಿ ಊರಿನಲ್ಲೂ ನಿಲ್ಲಿಸುತ್ತಿದ್ದ. ಯಾರೂ ಹತ್ತುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ನಾನು ಹಲ್ಲು ಕಡಿಯುತ್ತಾ ಕೂತಿರುತ್ತಿದ್ದೆ.

ದಾರಿಯಲ್ಲಿ ನಿಧಿಪೆಟ್ಟಿಗೆ ಸಿಕ್ಕಿತು. ತೆರೆಯಲು ಬಲಗಡೆಯ ಗುಂಡಿ.

"ಒತ್ತು ಮಾವ."

"ಯಾರೋ ಪ್ಯಾಸೆಂಜರ್ ಮರೆತು ಹೋಗಿರೋ ಲಗೇಜು. ಮುಟ್ಟಬಾರದು."

ಗಿಡದಲ್ಲಿ ಹಣ್ಣು, ತಿಂದರೆ ವೀರನ ಆಯುಸ್ಸು ಹೆಚ್ಚುತ್ತದೆ. ಕೀಳಲು ಬಲಗಡೆಯ ಗುಂಡಿ. "ಯಾರ ತೋಟದ್ದೋ ಏನೋ, ಬೈತಾರೆ!" ಎಂದ. ಈ ಮನುಷ್ಯ ಮಾವಿನ ಕಾಲದಲ್ಲಿ ಕಂಡವರ ತೋಟದ ಕಾಯಿಯನ್ನು ಮಡಿಲಿಗೆ ತುಂಬಿಕೊಂಡು ಬರುತ್ತಿದ್ದದ್ದು ನನಗೆ ನೆನಪಿದೆ. ಅಥವಾ ಅಮ್ಮ ಹೇಳಿದ್ದು ನನಗೆ ನೆನಪಾಗಿ ಕೂತಿದೆಯೋ? ಇತಿಹಾಸ ಓದಿದವಳು, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಮಾವನ ಸಾಧುತನವನ್ನು ಅದಕ್ಕಿಂತಲೂ ಕಡಿಮೆ ನಂಬುತ್ತೇನೆ!

ಕೊನೆಗೂ ಮೊದಲ ರಾಕ್ಷಸ ಬಂದ. ದೊಣ್ಣೆ ಹಿಡಿದ ಕುಳ್ಳ. ಮಾವ ಬೈಯಲು ಸಾಮಾನ್ಯವಾಗಿ ತೆಲುಗನ್ನೇ ಬಳಸುವುದು. ಕನ್ನಡದಲ್ಲಿ ಖಾರ ಸಾಲದಂತೆ. "ಏಂದಿರಾ, ಯಾಡಿಕಿ ವಸ್ತಾ ಉಂಡಾವು?" ಎಂದು, ಅಂದರೆ ಎಲ್ಲಿಗೆ ಬರ್ತಿದೀಯೋ ಎಂದು, ಟಿಕೆಟ್ಟಿಲ್ಲದವನನ್ನು ವಿಚಾರಿಸುವ ಗತ್ತಿನಲ್ಲಿ ಕೇಳಿದ. ಕುಳ್ಳ ದೊಣ್ಣೆ ಎತ್ತಿದ. ಮಾವ ಎಡಗೈಯ ಬೆರಳಿನಿಂದ ಗುರಾಣಿ ಹಿಡಿದ. ಅದು ಎಡಗಡೆಯ ಗುಂಡಿ, ನೋಡಿ! ಕುಳ್ಳ ಹೊಡೆದ. ಮಾವ ತಡೆದ. ಮತ್ತೆ ಹೊಡೆದ. ಮತ್ತೆ ತಡೆದ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವಳು ಬಿಡಿಸಿ ಮುಗಿಸಿ, ಸಿಪ್ಪೆ ಹಸುವಿಗೆ ಹಾಕಿ ಬಂದಳು. ಇವರಿಬ್ಬರೂ ಅಲ್ಲೇ ಇದ್ದರು.

"ಅಯ್ಯೋ, ಆ ರಾಕ್ಷಸನಿಗಾದ್ರೂ ಕೈ ನೋಯಲ್ವೇನೇ?" ಎಂದಳು ಅತ್ತೆ.

"ಮಾವ, ಹೊಡಿ! ರೈಟ್! ರೈಟ್ ಒತ್ತು, ರೈಟ್!" ನಾನು ಕಿರುಚಿದೆ.

ಮೂರ್ಖಳು ನಾನು! ಬದುಕೆಲ್ಲಾ "ರೈಟ್" ಎಂದರೆ ಮುಂದಕ್ಕೆ ಬಿಡು ಎಂದು ತಿಳಿದವನಿಗೆ ಬಲಗಡೆ ಎಂಬ ಅರ್ಥ ಎಲ್ಲಿಂದ ಹೊಳೆಯಬೇಕು? ಮಾವ ಗುರಾಣಿ ಕೆಳಗಿಳಿಸಿ, ಎಡ ಹೆಬ್ಬೆರಳು ಒತ್ತಿ, ಜಗ್ಗನೆ ಮುಂದಕ್ಕೆ ಬಿಟ್ಟ. ನೇರ ದೊಣ್ಣೆಯ ಬಾಯಿಗೆ! ವೀರ ಅಂಗಾತ ಬಿದ್ದು ಸತ್ತ.

"ನೀನೇ ರೈಟ್ ಕೊಟ್ಟೆ" ಎಂದ ಮಾವ. "ರೈಟ್ ಕೊಟ್ಟೋರದ್ದೇ ಜವಾಬ್ದಾರಿ."

ಪ್ರತಿ ಭಾನುವಾರ ಇದೇ ಕಥೆ. ನಾನು ಕೋಲಾರದಿಂದ ಬಸ್ಸಿನಲ್ಲಿ ಬರುವುದು, ಮಾವ ಸಾಯುವುದು, ನಾನು ಸಿಟ್ಟಿನಿಂದ ಹಿಂದಿರುಗುವುದು. ವ್ಯಾಯಾಮದ ಹುಡುಗಿಯೂ ಬೇಸತ್ತು ಬರುವುದನ್ನು ಕಡಿಮೆ ಮಾಡಿದಳು. ಬಲಗೈ ಟವಲಿನಡಿಯೇ ಇತ್ತು. ನಾನು ಅದನ್ನೆತ್ತಿ ಜಾಯ್‌ಸ್ಟಿಕ್ಕಿನ ಮೇಲೆ ಇಟ್ಟರೆ, ನಾನು ಅತ್ತ ತಿರುಗುವಷ್ಟರಲ್ಲಿ ಎಡಗೈ ಬಂದು ಅದನ್ನು ಮತ್ತೆ ಮುಚ್ಚಿಟ್ಟಿರುತ್ತಿತ್ತು.

"ಒಂದು ಬೆರಳು ಮಾವ! ಒಂದೇ ಒಂದು!" ಎಂದು ಒಂದು ಭಾನುವಾರ ಅಂಗಲಾಚಿದೆ.

"ಆಗಲ್ಲ ಕಣೇ ಅಂದ್ರೆ ಆಗಲ್ಲ! ನಿನ್ನ ರಾಕ್ಷಸರನ್ನ ನೀನೇ ಹೊಡ್ಕೊಂಡು ಸಾಯಿ!" ಮಾವ ಜಾಯ್‌ಸ್ಟಿಕ್ ತಳ್ಳಿದ. ನಾನು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದೆ. ಅತ್ತೆ ಒಳಗಿನಿಂದಲೇ "ಕಾಫಿ ಕುಡ್ದು ಜಗಳ ಆಡಿ, ಹಾಲು ಕಾದಿದೆ" ಎಂದಳು. ಕಾಫಿಯ ಕಾರಣಕ್ಕೆ ವಾಪಸ್ ಕೂತೆ. ಸ್ವಾಭಿಮಾನಕ್ಕೂ ಒಂದು ಮಿತಿ ಇರುತ್ತದಲ್ಲ!

ಮುಂದಿನ ಭಾನುವಾರ ಮಾವನ ಗಾಡಿ ಒಂದು ಸೇತುವೆಗೆ ಬಂತು. ಮುಂದಕ್ಕೆ ಬೇರೆ ದಾರಿಯಿಲ್ಲ. ನಡುವೆ ಮನೆಯಷ್ಟು ಎತ್ತರದ ರಾಕ್ಷಸ.

"ಹೋಲ್ಡಾನ್!" ಎಂದ ಮಾವ. ಕುದುರೆ ನಿಂತಿತು. ರಾಕ್ಷಸ ನಿಲ್ಲಲಿಲ್ಲ. ಒಂದೇ ಒದೆತಕ್ಕೆ ವೀರ ಕುದುರೆಯಿಂದ ಬಿದ್ದ. ಎಂದಿನಂತೆ ಗುರಾಣಿ ಹಿಡಿದು ನಿಂತ. ನಾನು ಕಾಫಿ ಲೋಟ ಹಿಡಿದು ಕೂತೆ; ಬೈದೂ ಬೈದೂ ನನಗೂ ಸಾಕಾಗಿತ್ತು.

ಆಗ ರಾಕ್ಷಸ ವೀರನನ್ನು ಬಿಟ್ಟು ಕುದುರೆಯ ಕಡೆ ತಿರುಗಿದ. ಕುದುರೆ ಕೆನೆಯಿತು. ರಾಕ್ಷಸ ಅದರ ಬೆನ್ನಿಗೆ ಬಾರಿಸಿದ.

"ಲೇ!" ಮಾವ ಕುರ್ಚಿಯಿಂದ ಅರ್ಧ ಎದ್ದ. ಟವಲು ಜಾರಿ ನೆಲಕ್ಕೆ ಬಿತ್ತು. "ಏನ್ಲಾ! ಏನ್ಲಾ ಅದು! ನಂಗೆ ಹೊಡಿ, ಬಿಡ್ತೀನಿ! ಗಾಡಿ ನಿಲ್ಸಿ ಡ್ರೈವರ್ ಮೇಲೆ ಕೈ ಮಾಡ್ತೀಯೇನ್ಲಾ!"

ಕತ್ತಿ ಬೀಸಿತು.

ಗಾಳಿಯನ್ನು ಕಡಿಯಿತು, ಅಷ್ಟೇ. ರಾಕ್ಷಸನಿಗೆ ತಾಗಲೇ ಇಲ್ಲ. ಅವನು ತಿರುಗಿ ಮಾವನನ್ನು ಎಂದಿನಂತೆ ಚಚ್ಚಿ ಹಾಕಿದ. ಆದರೆ ಕತ್ತಿ ಬೀಸಿತ್ತು! ಒಂದು ಸಲ ಎಂದು ನನ್ನ ನೆನಪು. ಎರಡು ಸಲ ಎಂದು ಅತ್ತೆಯ ಸಾಕ್ಷ್ಯ. ಆದರೆ ಆಕೆ ಆಗ ಅಡುಗೆಮನೆ ಬಾಗಿಲಲ್ಲಿದ್ದಳು. ನಾನೇ ಒತ್ತಿದೆನೇ? ಇಲ್ಲ, ನನ್ನ ಎರಡೂ ಕೈಯಲ್ಲಿ ಕಾಫಿ ಲೋಟವಿತ್ತು. ಇದೊಂದನ್ನು ಮಾತ್ರ ನಂಬುತ್ತೇನೆ. ಕಾಫಿ ನನ್ನ ಸೀರೆಯ ಮೇಲೆಲ್ಲಾ ಚೆಲ್ಲಿತ್ತು, ಕಲೆ ಇನ್ನೂ ಹೋಗಿಲ್ಲ.

ಮಾವ ಜಾಯ್‌ಸ್ಟಿಕ್ಕಿನ ಮೇಲೆ ಬಂದು ಕೂತಿದ್ದ ತನ್ನ ಬಲಗೈಯನ್ನು ನೋಡುತ್ತಿದ್ದ. ತುಂಬಿದ ಬಸ್ಸಿನಲ್ಲಿ ಎಂಜಲು ಸವರಿ ಒಂದೊಂದೇ ಟಿಕೆಟ್ ಹರಿಯುತ್ತಿದ್ದ ಹೆಬ್ಬೆರಳು. ಅತ್ತೆ ನೆಲದ ಟವಲನ್ನು ಎತ್ತಿ, ಎಂದಿನಂತೆ ಅವನ ಕೈಯ ಮೇಲೆ ಹಾಕಲು ಬಂದಳು. ಮಾವ ತಲೆಯಾಡಿಸಿದ.

ಟೀವಿಯಲ್ಲಿ ಸೇತುವೆ ಮತ್ತೆ ಬಂತು. ಕುದುರೆ ಕಾಯುತ್ತಾ ನಿಂತಿತ್ತು. ಮಾವ ಅದರ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, ಆ ಹೆಬ್ಬೆರಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ರೈಟ್... ರೈಟ್."