ಸಾಹುಕಾರರ ಮೂಗಿಗೊಂದು ಗುದ್ದು

ನಮ್ಮ ಸಣ್ಣ ಸಾಹುಕಾರರ ಮೂಗಿಗೆ ಗುದ್ದಿಯೂ ಕೆಲಸ ಉಳಿಸಿಕೊಳ್ಳಬಹುದಾದ ಜಾಗ ಇಡೀ ಮೂಡಿಗೆರೆ ತಾಲೂಕಿನಲ್ಲಿ ಒಂದೇ ಒಂದಿತ್ತು. ಅದು ಕೊಟ್ಟಿಗೆಹಾರದ ಕರಾಟೆ ಕ್ಲಾಸು. ಹೊಟ್ಟೆ ಕರಗಿಸಲು ಅವರು ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಾರೆಂದು ತಿಳಿದ ದಿನವೇ ನಾನೂ ಸೇರಿಕೊಂಡೆ. ನನಗೆ ಕರಗಿಸುವಂಥ ಹೊಟ್ಟೆಯೇ ಇಲ್ಲ. ಹೊಟ್ಟೆಯೊಳಗೆ ಬೆಂಕಿ ಇತ್ತು, ಅಷ್ಟೇ!

ಏಕೆಂದು ಕೇಳಿ. ಜಾವಳಿ ಹತ್ತಿರದ ಅವರ ಎಸ್ಟೇಟಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರ್. ಈ ಸಣ್ಣ ಸಾಹುಕಾರರಿಗೆ ಸೈಕಲ್ ಕಲಿಸಿದವನೇ ನಾನು. ಒಂದು ದಿನ ಕಣದಲ್ಲಿ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು. ಮೋಡ ಕವಿದದ್ದು ನೋಡಿ, "ಟಾರ್ಪಾಲ್ ಮುಚ್ಚಿಸ್ಲಾ ಸಾರ್?" ಎಂದೆ. "ಬೇಡ, ಮೊಬೈಲಲ್ಲಿ ಮಳೆ ತೋರಿಸ್ತಿಲ್ಲ" ಎಂದರು. ಮೊಬೈಲಿನ ಅಪ್ಪಣೆ ಪಡೆಯದೆ ಮಳೆ ಬಂತು. ಕಾಫಿಯೆಲ್ಲ ತೊಯ್ದು ತೊಪ್ಪೆಯಾಯಿತು. ಆಗ ಆಳುಗಳೆಲ್ಲರ ಎದುರು ಸಾಹುಕಾರರು ನನಗೆ, "ನಿನ್ ತಲೇಲಿ ಏನ್ ತುಂಬಿದೆಯೋ?" ಎಂದರು. ಸೈಕಲ್ ಸೀಟು ಹಿಡಿದು ಇವನ ಹಿಂದೆ ಏದುಸಿರು ಬಿಡುತ್ತಾ ಓಡಿದವನು ನಾನು! ಮೈ ಉರಿದುಹೋಯಿತು.

"ಆ ಸಿಟ್ಟನ್ನ ಬಾಯಲ್ಲೇ ಹೇಳ್ಬಾರ್ದಾ? ಈ ವಯಸ್ಸಲ್ಲಿ ಬಿಳಿ ಪೈಜಾಮ ಹಾಕ್ಕೊಂಡು ಒದಿಯೋಕೆ ಹೋಗ್ಬೇಕೇನ್ರೀ?" ಎಂದಳು ಹೆಂಡತಿ ಸುಶೀಲ.

"ಬಾಯಲ್ಲಿ ಹೇಳಿದ್ರೆ ಕೆಲಸ ಹೋಗುತ್ತೆ ಮಾರಾಯ್ತಿ. ಅಲ್ಲಿ ಹೊಡೆದ್ರೆ ಚಪ್ಪಾಳೆ ತಟ್ತಾರೆ!"

ಮೂರು ತಿಂಗಳು ಸೌದೆ ಕೊಟ್ಟಿಗೆಯಲ್ಲಿ ಗೋಣಿಚೀಲ ನೇತುಹಾಕಿ ಗುದ್ದಿದೆ. ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿದೆ. ಎಡಗಾಲು ಮುಂದೆ, ಸೊಂಟ ತಿರುಗಿಸು, ಮೊಣಕೈ ಪಕ್ಕೆಗೆ, ಮುಷ್ಟಿ ಮೂಗಿಗೆ.

ಕೊನೆಗೂ ಆ ಭಾನುವಾರ ಬಂತು. ಮಾಸ್ಟರು ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಎಡಗಾಲು ಮುಂದೆ ಎಂದುಕೊಂಡೆ. ಸೊಂಟ ಎನ್ನುವಷ್ಟರಲ್ಲಿ ಪಕ್ಕೆಗೆ ಒಂದು ಬಿತ್ತು. ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಸೊಂಟದವರೆಗೂ ಹೋಗಲು ಬಿಡಲಿಲ್ಲ!

"ರೈಟ್ರೇ, ಅರ್ಜಿ ಬರೀತಾ ನಿಂತಿದ್ದೀರಾ?" ಮಾಸ್ಟರು ಕೂಗಿದರು. "ಯೋಚನೆ ಮಾಡೋಷ್ಟರಲ್ಲಿ ಪೆಟ್ಟು ಬಿದ್ದಿರುತ್ತೆ. ಮೈಗೆ ಬಿಟ್ಬಿಡಿ. ಅದಕ್ಕೆ ಎಲ್ಲಾ ಗೊತ್ತಿರುತ್ತೆ!"

ಸರಿ, ಬಿಟ್ಟೆ. ನೋಟ್‌ಬುಕ್ ಮರೆತೆ. ತೊಯ್ದ ಕಾಫಿ, ನಗು ತಡೆದುಕೊಂಡು ನಿಂತಿದ್ದ ಆಳುಗಳು, ಎಲ್ಲ ಕಣ್ಣಮುಂದೆ ಬಂತು. ರಕ್ತ ಕುದಿಯಿತು. ಸಾಹುಕಾರರು ಸುಸ್ತಾಗಿ ಕೈ ಇಳಿಸಿದ್ದರು. ಮೂಗು ನನಗಾಗಿಯೇ ಕಾದಿತ್ತು. ಮುಷ್ಟಿ ತಾನಾಗಿಯೇ ಮೇಲೆದ್ದಿತು!

ಅಷ್ಟರಲ್ಲಿ ಸಾಹುಕಾರರು, ಕರಾಟೆಯವರು ಕೂಗುವಂತೆ, "ಏಯ್!" ಎಂದು ಗದರಿದರು.

ನನ್ನ ಎರಡೂ ಕೈಗಳು ಸರಕ್ಕನೆ ತೊಡೆಯ ಹತ್ತಿರ ಇಳಿದವು. ಸಾಹುಕಾರರ ದನಿ ಕೇಳಿದ ಕೂಡಲೇ ಎತ್ತಿ ಕಟ್ಟಿದ ಪಂಚೆ ಇಳಿಸಿ ಮರ್ಯಾದೆಯಿಂದ ನಿಲ್ಲುವುದನ್ನು ಇಪ್ಪತ್ತೆರಡು ವರ್ಷ ಅಭ್ಯಾಸ ಮಾಡಿದ ಕೈಗಳವು. ಮೂರು ತಿಂಗಳ ಗೋಣಿಚೀಲ ಅವಕ್ಕೆ ಯಾವ ಲೆಕ್ಕ? ಪೈಜಾಮದ ಮೇಲೆ ಇಲ್ಲದ ಪಂಚೆಗಾಗಿ ತಡಕಾಡಿದವು. ತಲೆಯೂ ಸ್ವಲ್ಪ ಬಗ್ಗಿತು. ಸಾಹುಕಾರರ ಮುಷ್ಟಿ ನೆಟ್ಟಗೆ ನನ್ನ ಮೂಗಿಗೇ ಬಂದು ಕೂತಿತು!

ಕೆಳಗೆ ಬಿದ್ದಿದ್ದೆ. ಸಾಹುಕಾರರು ಗಾಬರಿಯಿಂದ ನನ್ನ ಮೇಲೆ ಬಗ್ಗಿದರು. "ಅಯ್ಯೋ ರೈಟ್ರೇ, ಜೋರಾಗಿ ಬಿತ್ತಾ?"

ಕೈ ಕೆಟ್ಟರೇನಂತೆ, ಬಾಯಿ ಇದೆಯಲ್ಲ! ಕೆಲಸ ಹೋದರೆ ಹೋಗಲಿ, ಇವತ್ತು ಇವನ ನೀರಿಳಿಸುತ್ತೇನೆ ಎಂದು ಮೂರು ತಿಂಗಳ ಸಿಟ್ಟನ್ನೆಲ್ಲ ನಾಲಿಗೆ ತುದಿಗೆ ತಂದುಕೊಂಡು ಬಾಯಿ ತೆರೆದೆ.

"ಏನಿಲ್ಲ ಸಾರ್. ನಿಮ್ ಕೈಗೇನೂ ಆಗ್ಲಿಲ್ವಲ್ಲ?"

ಅವರ ಬಿಳಿ ಅಂಗಿಯ ಮೇಲೆ ನನ್ನ ಮೂಗಿನ ರಕ್ತ ಒಂದು ಹನಿ ಸಿಡಿದಿತ್ತು. ಮಲಗಿದಲ್ಲಿಂದಲೇ ಕೈ ಚಾಚಿ ಅದನ್ನೂ ಒರೆಸಿಕೊಟ್ಟೆ!