ಬೀಗರೂಟದಲ್ಲಿ ಕೈಕೊಟ್ಟ ಕಾಲು

ಸಕ್ಕರೆ ಕಾಯಿಲೆಯನ್ನು ದೊಡ್ಡಬಳ್ಳಾಪುರದ ಗಡಿ ದಾಟಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಎಪ್ಪತ್ಮೂರರ ಯುಗಾದಿಯ ಮಾರನೇ ದಿನ. ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು:

"ಸಕ್ಕರೆ ನಿಮ್ಮ ಕಾಲಿನ ನರ ಕೆಡಿಸಿದೆ. ನರ ಸೋತರೆ ಮಾಂಸಖಂಡ ಕರಗುತ್ತೆ. ಮೊಣಕಾಲಿಂದ ಕೆಳಗೆ ಎಷ್ಟು ಸೊರಗಿದೆ ನೋಡಿ! ಅದಕ್ಕೇ ಪಾದದ ತುದಿ ಮೇಲೇಳ್ತಿಲ್ಲ. ಇನ್ಮೇಲೆ ಏನು ತಿಂದ್ರೂ ಅಳತೇಲಿ ತಿನ್ನಿ."

ಅಳತೆ! ರಾಗಿ ಸೀಮೆಯಲ್ಲಿ ಹುಟ್ಟಿದವನಿಗೆ ಹೇಳುವ ಮಾತೇ ಇದು? ಅನ್ನ ಬಿಟ್ಟವನಿಗೆ ಸಕ್ಕರೆ ಬರದು, ಮುದ್ದೆಗೆ ಲೆಕ್ಕವಿಲ್ಲ ಎಂಬುದು ನಮ್ಮ ಕಡೆಯ ವೇದವಾಕ್ಯ. ನಾನು ಅನ್ನ ಬಿಟ್ಟೆ. ತ್ಯಾಗದ ದುಃಖಕ್ಕೆ ಒಂದು ಮುದ್ದೆ, ತ್ಯಾಗದ ಸಂತೋಷಕ್ಕೆ ಇನ್ನೊಂದು! ಹೊಟ್ಟೆ ಬೆಳೆಯಿತು. ಒಂದು ಕಾಲಕ್ಕೆ ಗರಡಿಯಲ್ಲಿ ಹೆಸರು ಮಾಡಿದ್ದ ಮೀನಖಂಡ ಮಾತ್ರ ಒಣಗಿದ ನುಗ್ಗೇಕಾಯಿಯಾಯಿತು.

ಒಂದು ಸಂಜೆ ಪೇಟೆಯಿಂದ ಬಂದವನನ್ನು ಹೆಂಡತಿ ಅನುಸೂಯಮ್ಮ ಬಾಗಿಲಲ್ಲೇ ತಡೆದಳು.

"ಎಡಗಾಲಿನ ಚಪ್ಪಲಿ ಎಲ್ರೀ?"

ನೋಡಿಕೊಂಡೆ. ಇರಲಿಲ್ಲ! ಎಲ್ಲಿ ಕಳಚಿತೋ ಕಾಲಿಗೇ ಗೊತ್ತಿಲ್ಲ.

"ಹೊಸಾದು. ಸ್ವಲ್ಪ ಸಡಿಲ ಕಣೇ."

"ಸಡಿಲ ಆಗಿರೋದು ಚಪ್ಪಲಿ ಅಲ್ಲ. ನಾಡಿದ್ದು ಬೀಗರೂಟ. ತೆಪ್ಪಗೆ ಒಂದ್ಕಡೆ ಕೂತ್ಕೊಳ್ಳಿ, ಬಡಿಸ್ತೀನಿ ಅಂತ ಇಳೀಬೇಡಿ."

ಕೂರುವುದೆಂತು? ಮಗಳ ಮದುವೆಯಾಗಿ ವಾರವಾಗಿತ್ತಷ್ಟೆ. ಕಾಯಿಲೆಯ ವಿಷಯವನ್ನು ತೂಬಗೆರೆಯ ಬೀಗರು ಆವಲಪ್ಪನವರಿಂದ ಮುಚ್ಚಿಟ್ಟಿದ್ದೆವು. 'ಆ ಮನೆತನದಲ್ಲೇ ರೋಗ' ಎಂದು ಅವರು ಆಡಿಕೊಂಡರೆ ಮಗಳು ಅಲ್ಲಿ ತಲೆಯೆತ್ತುವುದು ಹೇಗೆ? ಹೆಣ್ಣಿನ ಅಪ್ಪ ಬಡಿಸದೆ ಕೂತರೆ ಅನುಮಾನ ಬಾರದೇ?

ಬೀಗರೂಟದ ದಿನ ಪಂಕ್ತಿ ಕೂತಿತು. ಮುದ್ದೆ ಎರಡನೇ ಸುತ್ತಿಗೆ ಬಂದಾಗ ತಡೆಯಲಾಗಲಿಲ್ಲ. ಪಂಚೆಯನ್ನು ಹಿಮ್ಮಡಿಯವರೆಗೆ ಇಳಿಬಿಟ್ಟು, ಮುದ್ದೆಯ ಪುಟ್ಟಿ ಹಿಡಿದು, ಚಕ್ರವರ್ತಿಯಂತೆ ಹೊರಟೆ. ಬಲಗಾಲು ಎದ್ದಿತು. ಎಡಗಾಲೂ ಎದ್ದಿತು, ಅದರ ಬೆರಳುಗಳಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ. ಚಾಪೆಯ ಅಂಚಿಗೆ ಸಿಕ್ಕಿಕೊಂಡವು. ಮುದ್ದೆಗಳು ಹಾರಿದವು! ಒಂದು ಆವಲಪ್ಪನವರ ದೊನ್ನೆಗೆ ಧುಮುಕಿತು. ಸಾರು ಅವರ ಬಿಳಿ ಜುಬ್ಬಕ್ಕೆ, ನಾನು ಅವರ ಎಲೆಯ ಮುಂದೆ ಸಾಷ್ಟಾಂಗ!

"ಏನ್ ಬೀಗ್ರೇ, ಇಷ್ಟೊಂದು ಮರ್ಯಾದೆ ಯಾಕೆ?" ಎಂದವರ ಕಣ್ಣು, ಪಂಚೆ ಸರಿದಿದ್ದ ನನ್ನ ಕಾಲಿನ ಮೇಲೆ ನಿಂತಿತು. ಪಂಕ್ತಿ ಅಗಿಯುವುದನ್ನು ನಿಲ್ಲಿಸಿತು. ಮಗಳು ಕಂಬದ ಹಿಂದೆ ಸರಿದಳು.

ಆವಲಪ್ಪನವರು ನಿಧಾನವಾಗಿ ತಮ್ಮ ಪಂಚೆಯನ್ನು ಮೊಣಕಾಲವರೆಗೆ ಎತ್ತಿದರು. ಅಲ್ಲೂ ಎರಡು ನುಗ್ಗೇಕಾಯಿ!

"ನಂದೂ ಇದೇ ಕತೆ ಕಣ್ರೀ. ಗೊತ್ತಾದ್ರೆ ಹೆಣ್ಣು ಕೊಡಲ್ಲ ಅಂತೀರೇನೋ ಅಂತ ಬಾಯ್ಬಿಡ್ಲಿಲ್ಲ."

"ಅನ್ನ ಬಿಟ್ಟಿದ್ದೀರಾ?" ಬಿದ್ದಲ್ಲಿಂದಲೇ ಕೇಳಿದೆ.

"ಬರೀ ಮುದ್ದೆ! ಅದಕ್ಕೆಂಥ ಲೆಕ್ಕ?"

ಹುಡುಗ ಹುಡುಗಿಯ ಜಾತಕ ಕೂಡಿಸಲು ಊರೂರು ಅಲೆದಿದ್ದೆವು. ಅಪ್ಪಂದಿರ ಕಾಲು ಇಷ್ಟು ಚೆನ್ನಾಗಿ ಕೂಡಿದ್ದನ್ನು ಯಾವ ಜೋಯಿಸನೂ ಹೇಳಿರಲಿಲ್ಲ.

ಅಷ್ಟರಲ್ಲಿ ಅನುಸೂಯಮ್ಮ ಬಂದು ಪುಟ್ಟಿ ಕಿತ್ತುಕೊಂಡಳು. ಒಂದೇ ಮುದ್ದೆಯನ್ನು ಮುರಿದು ಅರ್ಧ ಬೀಗರ ಎಲೆಗೆ, ಅರ್ಧ ನನ್ನ ಕೈಗೆ ಹಾಕಿದಳು.

"ಇಬ್ರಿಗೂ ಸೇರಿ ಇಷ್ಟೇ. ಪುಟ್ಟೀಲಿ ಮಿಕ್ಕಿದ್ದು ಕಾಲಿರೋರಿಗೆ!"