ಗ್ರಾಫ್ ಕ್ಯಾಲ್ಕುಲೇಟರಿಗೆ ವಾರಬಂದಿ

ಸಿಂಧನೂರಿನ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ಸೆಮಿಸ್ಟರಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಗ್ರಾಫ್ ಕ್ಯಾಲ್ಕುಲೇಟರಿನಲ್ಲಿ ನೋಡಿ ಬರೆದ ಇಪ್ಪತ್ತು ವಕ್ರರೇಖೆಗಳ ವಹಿಯನ್ನು ಸಲ್ಲಿಸತಕ್ಕದ್ದು, ಸಲ್ಲಿಸದವರಿಗೆ ಹಾಲ್ ಟಿಕೆಟ್ ಕೊಡತಕ್ಕದ್ದಲ್ಲ ಎಂಬ ಆದೇಶ ಹೊರಟಿತು. ಆ ಕಾಲೇಜಿನಲ್ಲಿ ಗ್ರಾಫ್ ಕ್ಯಾಲ್ಕುಲೇಟರೇ ಇರಲಿಲ್ಲ. ಆದೇಶಗಳಿಗೆ ಇಂಥ ಸಣ್ಣ ಸಂಗತಿಗಳು ಅಡ್ಡ ಬರುವುದಿಲ್ಲ.

ಕೊಳ್ಳಲು ಆಯ್ಕೆ ಸಮಿತಿ ರಚನೆಯಾಯಿತು. ಗಣಿತ ಬಲ್ಲವರು ಪಕ್ಷಪಾತ ಮಾಡುವ ಸಂಭವವಿರುವುದರಿಂದ ಆಡಳಿತ ಮಂಡಳಿಯ ಗೋಪಣ್ಣನವರು ಅಧ್ಯಕ್ಷರಾದರು. ಇಪ್ಪತ್ತು ವರ್ಷ ಕಾಲುವೆ ನೀರು ಬಳಕೆದಾರರ ಸಂಘ ನಡೆಸಿದವರು. ಜಗತ್ತಿನ ಯಾವ ವಸ್ತುವನ್ನಾದರೂ ತೂಬು ಎತ್ತಿ ಇಳಿಸಿ ಹಂಚಬಹುದೆಂದು ನಂಬಿದವರು. ವಿದ್ಯಾರ್ಥಿ ಪ್ರತಿನಿಧಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ವಿರೇಶ.

ವಿರೇಶನಿಗೆ ತನ್ನ ಅರ್ಹತೆಯ ಬಗ್ಗೆ ಅನುಮಾನವಿರಲಿಲ್ಲ. "ಹತ್ತು ವರ್ಷದಾಂವ ಇದ್ದಾಗ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳ್ತಿದ್ದೆ. ಈ ಡಬ್ಬಿ ಯಾವ ಲೆಕ್ಕಲೇ?" ಎಂದು ಹಾಸ್ಟೆಲಿನಲ್ಲಿ ಸಾರಿದ್ದ. ಕಾಲೇಜು ಈಗ ತನ್ನ ಮಾತಿನ ಮೇಲೇ ನಡೆಯುತ್ತಿದೆ ಎಂದು ಊರಿಗೆ ಫೋನ್ ಮಾಡಿಯೂ ಹೇಳಿದ್ದ.

ಲಿಂಗಸುಗೂರಿನ ವ್ಯಾಪಾರಿ ಖಾದರಬಾಷಾ ಮೂರು ನಮೂನೆ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ಸಣ್ಣದು ಸಾಕ್ರಿ ಸರ್," ಎಂದರು ಗಣಿತದ ಮಮತಾ ಮೇಡಂ. ಚಹಾಕ್ಕೆಂದು ಅವರನ್ನೂ ಕರೆದಿದ್ದರು. "ಪರದೆ ಸ್ವಚ್ಛ ಐತಿ, ಬ್ಯಾಟರಿ ಬಾಳ್ತದ. ದೊಡ್ಡದೊಂದರ ರೊಕ್ಕದಾಗ ಇವು ಇಪ್ಪತ್ತು ಬರ್ತಾವ."

ಮೇಡಂ ಹರ್ಷ ವ್ಯಕ್ತಪಡಿಸಿದರು ಎಂದು ನಡಾವಳಿಯಲ್ಲಿ ದಾಖಲಾಯಿತು.

ವಿರೇಶ ಮೂರನ್ನೂ ಅಂಗೈಯಲ್ಲಿ ತೂಗಿದ. ಗುಂಡಿಗಳನ್ನು ಒಸಡು ಒತ್ತಿದಂತೆ ಒತ್ತಿದ, ಬೆನ್ನು ಚಪ್ಪರಿಸಿದ. ಕೊನೆಗೆ ಎಲ್ಲಕ್ಕಿಂತ ಭಾರದ್ದನ್ನು ಎತ್ತಿ ಹಿಡಿದ. "ಇದು ನೋಡ್ರಿ ಮಾಲು. ಉಳಿದವು ಹಲ್ಲು ಬರದ ಕರು."

"ಏಳು ಬಣ್ಣದಾಗ ಗೆರಿ ಹೊಡಿತದ," ಎಂದ ಖಾದರಬಾಷಾ. "ರೇಟು ಮಾತ್ರ ಕೇಳಬ್ಯಾಡ್ರಿ."

ಯಾರೂ ಕೇಳಲಿಲ್ಲ. ಮಂಜೂರಾದ ಹಣಕ್ಕೆ ಒಂದೇ ಒಂದು ಬಂತು. ವಿದ್ಯಾರ್ಥಿಗಳು ಇನ್ನೂರ ನಲವತ್ತು.

"ಕಾಲುವಿ ಒಂದೇ ಐತಿ, ಊರು ನೂರಾ ಎಂಟು. ನಾವೇನು ಸತ್ತೀವೇನು?" ಎಂದರು ಗೋಪಣ್ಣ. "ವಾರಬಂದಿ ಹಚ್ಚೋಣು. ಕಾಲುವಿ ನೀರು ಯಾವ ಊರಿಗೆ ಯಾವ ಸರದಿಗೆ ಹೋಗ್ತದ, ಆ ಊರಿನ ಹುಡುಗ್ರಿಗೆ ಅದೇ ಸರದಿ."

"ಭೇಷ್ ರೀ," ಎಂದು ಮೊದಲು ಕೈ ಎತ್ತಿದವನು ವಿರೇಶ. ಅನುಮೋದಕನ ಜಾಗದಲ್ಲಿ ಮೂರಿಂಚು ಉದ್ದದ ರುಜು ಎಳೆದ.

ಮರುದಿನ ಪಟ್ಟಿ ಅಂಟಿಸಿದರು. ಮೊದಲು ಗೊರೇಬಾಳ, ಆಮೇಲೆ ಜವಳಗೇರಾ, ಹೀಗೆ. ವಿರೇಶ ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ, ಗೋಪಣ್ಣನವರ ಬಳಿ ಹೋದ.

"ನಮ್ಮೂರ ಹೆಸರಿಲ್ರಿ."

"ನಿಮ್ಮೂರಿಗೆ ಕಾಲುವಿ ಐತೇನು?"

"ಇಲ್ರಿ. ಆದ್ರ ಇದು ಕ್ಯಾಲ್ಕುಲೇಟರ್ ಅಲ್ಲೇನ್ರಿ?"

"ರುಜು ಹಾಕುವಾಗ ಗೊತ್ತಿರಲಿಲ್ಲೇನಲೇ? ನೀ ಕಾಲುವಿ ಅಚ್ಚುಕಟ್ಟಿನ ಹೊರಗ. ನಿಂದು ಮಳಿಯಾಶ್ರಿತ ಗ್ರಾಫು."

ಮಳೆಯಾಶ್ರಿತ ಗ್ರಾಫ್ ಎಂದರೆ, ಪೂರಕ ಸುತ್ತೋಲೆಯ ಪ್ರಕಾರ, ಸ್ವಗ್ರಾಮದಲ್ಲಿ ಮಳೆಯಾದ ದಿನಗಳಲ್ಲಿ ಮಾತ್ರ ಪೆನ್ಸಿಲಿನಿಂದ ಕೈಯಾರೆ ಬರೆಯತಕ್ಕದ್ದು. ವಹಿ ಸಲ್ಲಿಸಲು ಇದ್ದ ಎರಡು ತಿಂಗಳಲ್ಲಿ ಪಾಮನಕಲ್ಲೂರಿನಲ್ಲಿ ಒಂದು ಹನಿಯೂ ಬೀಳಲಿಲ್ಲ. ವಿರೇಶನ ವಹಿ ತಂದಾಗ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಒಂದು ವರ್ಷ ಹೋದರೆ ಹೋಗಲಿ. ಕಾಲೇಜನ್ನೇ ಆಳುವವನಿಗೆ ಹಾಲ್ ಟಿಕೆಟ್ ಸಿಗಲಿಲ್ಲವೆಂದು ಊರಲ್ಲಿ ಯಾವ ಬಾಯಿಂದ ಹೇಳುವುದು?

ಜವಳಗೇರಾದ ಸಹಪಾಠಿ ಗದ್ದೆಪ್ಪನನ್ನು ಕೇಳಿದ. "ನಿನ್ನ ಸರದಿ ಬಂದಾಗ ನಾನೂ ಒಂಚೂರು ನೋಡ್ಕೋತೀನೋ."

"ಕಾಲುವಿಗೆ ಕಳ್ಳ ಪಂಪು ಇಡ್ತೀಯೇನಲೇ?" ಎಂದ ಗದ್ದೆಪ್ಪ. "ಅಕ್ರಮ ನೀರಾವರಿ ಅಂತ ಇಬ್ಬರ ಮ್ಯಾಲೂ ಕೇಸ್ ಆಕ್ಕತಿ. ಹೋಗು, ಮುಗಲು ನೋಡ್ಕೋತ ಕುಂದ್ರು."

ಗತಿಯಿಲ್ಲದೆ ವಿರೇಶ ಅಧ್ಯಕ್ಷರಿಗೆ ಅರ್ಜಿ ಬರೆದ: ತನ್ನದು ಮಳೆಯಾಶ್ರಿತ ವಹಿಯೆಂದು ತಾವೇ ಘೋಷಿಸಿರುವುದರಿಂದ ಬಂದು ಬೆಳೆ ನಷ್ಟದ ಸಮೀಕ್ಷೆ ಮಾಡಬೇಕು.

ಅರ್ಜಿ ನಿಯಮಬದ್ಧವಾಗಿತ್ತು. ಸಮಿತಿಯಿಂದ ಮೂವರು ಬಂದರು. ಒಬ್ಬರು ಹಾಳೆ ತಿರುವಿದರು, ಒಬ್ಬರು ಬೆಳಕಿಗೆ ಹಿಡಿದರು, ಗೋಪಣ್ಣ ಮೂಸಿ ನೋಡಿದರು. "ಬಿತ್ತನೆಯೇ ಆಗಿಲ್ಲ. ಶೇಕಡಾ ನೂರು ನಷ್ಟ," ಎಂದು ಷರಾ ಬರೆದರು. ಪರಿಹಾರವಾಗಿ ಇಪ್ಪತ್ತು ಗ್ರಾಫಿನ ಪೂರ್ತಿ ಅಂಕಗಳೂ ಹಾಲ್ ಟಿಕೆಟ್ಟೂ ಅಲ್ಲೇ ಮಂಜೂರಾದವು.

ಬಂದವರು ಹಾಗೇ ನೀರಾವರಿ ವಹಿಗಳನ್ನೂ ಪರಿಶೀಲಿಸಿದರು. ಸಿಕ್ಕ ಸರದಿ ಬಿಡಬಾರದೆಂದು ಗೊರೇಬಾಳ, ಜವಳಗೇರಾದವರು ಗೆರೆಯ ಮೇಲೆ ಗೆರೆ ಎಳೆದು ಹಾಳೆ ಕಪ್ಪು ಮಾಡಿಟ್ಟಿದ್ದರು. "ಮಿತಿಮೀರಿ ಹರಿಸಿದ್ದರಿಂದ ಹಾಳೆಗಳು ಉಪ್ಪೇರಿ ಸವಳು ಬಿದ್ದಿವೆ. ಒಂದು ಸೆಮಿಸ್ಟರ್ ಬೀಳು ಬಿಡತಕ್ಕದ್ದು," ಎಂದು ತೀರ್ಪಾಯಿತು. ಅವರಿಗೆ ಹಾಲ್ ಟಿಕೆಟ್ ಸಿಗಲಿಲ್ಲ. ಯಾರೂ ತಕರಾರು ಮಾಡಲಿಲ್ಲ. ನಿಯಮ ಎಲ್ಲರಿಗೂ ಸ್ಪಷ್ಟವಾಗಿಯೇ ಇತ್ತು.

"ಹಾಳಿ ಖಾಲಿ ಬಿಡಾಕೂ ದಮ್ ಬೇಕಪ," ಎಂದು ವಿರೇಶ ಹಾಲ್ ಟಿಕೆಟ್ಟಿನಿಂದ ಗಾಳಿ ಬೀಸಿಕೊಂಡ.

ಗದ್ದೆಪ್ಪ ಸಿಟ್ಟಾಗಲಿಲ್ಲ. ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದ, "ನಿಮ್ಮೂರಾಗ ಬಾಡಿಗಿಗೆ ಖೋಲಿ ಸಿಗ್ತಾವೇನೋ?"

"ಸಿಗ್ತಾವ. ನೀರು ಮಾತ್ರ ಇಲ್ಲ ಮತ್ತ."

"ಅದಕ್ಕ ಕೇಳಾಕತ್ತೀನಿ," ಎಂದ ಗದ್ದೆಪ್ಪ. ಅವನ ಹಿಂದೆ ಗೊರೇಬಾಳದವರು ಆಗಲೇ ಸರದಿ ಹಚ್ಚಿ ನಿಂತಿದ್ದರು.